ಸದ್ದಿಲ್ಲದ ದಾರಿ

ಮೊಲ, ಇನ್ನೊಂದು ಮೊಲ, ಏರಿಯ ಮೇಲಿನ ದಾರಿಯ ನಟ್ಟನಡುವೆ ಕೂತಿದೆ, ಸೈಕಲ್ಲು ಹತ್ತಿರ ಬಂದರೂ ಕದಲುವುದಿಲ್ಲ, ಕಿವಿ ಹಿಂದಕ್ಕೆ ಮಡಚಿ ನನ್ನನ್ನೇ ನೋಡುತ್ತದೆ, ಇದು ಐದನೆಯದೋ ಆರನೆಯದೋ, ಬ್ರೇಕು ಹಿಡಿದು ಅದನ್ನು ಬಳಸಿಕೊಂಡು ಹೋಗಬೇಕು, ಮೊಲಗಳು ಹೀಗೆ ಹಾಡಹಗಲಲ್ಲಿ ಡಾಂಬರಿನ ಮೇಲೆ ಕೂರುವ ಪ್ರಾಣಿಗಳಲ್ಲ, ಅವಕ್ಕೆ ಕೆಳಗೆ ಪಾಪ್ಲರ್ ತೋಪಿನಲ್ಲಿ ಹುಲ್ಲಿದೆ, ಮಲಗಲು ಪೊದೆಯಿದೆ, ಅದೆಲ್ಲ ಬಿಟ್ಟು ಮೇಲೆ ಬಂದಿವೆ ಅಂದರೆ — ಬೇಡ, ಅದನ್ನೀಗ ಯೋಚಿಸಬೇಡ, ಪೆಡಲು ತುಳಿ ದೊರಿಯಾನಾ, ಇನ್ನು ಎರಡು ಕಿಲೋಮೀಟರು, ಎರಡು ಕಿಲೋಮೀಟರೆಂದರೆ ಏಳು ನಿಮಿಷ, ಗಾಳಿಯಿಲ್ಲದಿದ್ದರೆ ಆರು, ಗಾಳಿಯೂ ಇಲ್ಲ. ಮಂಜು ಹರಿದು ಬಿಸಿಲು ಬಿದ್ದಿದೆ, ನವೆಂಬರಿನಲ್ಲಿ ಇಂಥ ಬಿಸಿಲು ಅಪರೂಪ, ಆಕಾಶ ತೊಳೆದು ಬೋರಲು ಹಾಕಿದ ಬೋಗುಣಿಯ ಹಾಗೆ, ನಾಲ್ಕು ದಿನದಿಂದ ನಮ್ಮಲ್ಲಿ ಒಂದು ಹನಿ ಬಿದ್ದಿಲ್ಲ, ಬಟ್ಟೆಯೆಲ್ಲ ಹೊರಗೇ ಒಣಗಿದೆ, ಮಳೆ ಬಿದ್ದದ್ದು ಮೇಲೆ, ಪಡುವಣದ ಬೆಟ್ಟಗಳಲ್ಲಿ, ನಾವು ಅದನ್ನು ಟೀವಿಯಲ್ಲಿ ನೋಡಿದೆವು, ಕಾರುಗಳು ತೇಲುವುದನ್ನು ನೋಡುತ್ತ ಊಟ ಮಾಡಿದೆವು, ಆ ನೀರು ಎರಡು ದಿನ ನಡೆದು ನಮ್ಮ ಬಾಗಿಲಿಗೆ ಬರುತ್ತದೆ, ಪೋ ನದಿಗೆ ಅವಸರವೆಂಬುದಿಲ್ಲ, ಬಿಸಿಲಲ್ಲೇ ಬರುತ್ತದೆ, ಹಕ್ಕಿ ಕೂಗುತ್ತಿರುವಾಗಲೇ ಬರುತ್ತದೆ. ಈಗ ಹಕ್ಕಿಯೂ ಕೂಗುತ್ತಿಲ್ಲ. ಎಡಕ್ಕೆ ಊರು, ಕೊರ್ತೆಬಾಸ್ಸಾದ ಕೆಂಪು ಹೆಂಚುಗಳು, ಇಗರ್ಜಿಯ ಗೋಪುರ, ಉತ್ತು ಬಿಟ್ಟ ಕಪ್ಪು ಹೊಲಗಳು, ಎಲ್ಲ ಏರಿಗಿಂತ ಕೆಳಗೆ. ಬಲಕ್ಕೆ ಗೊಲೇನಾ, ಏರಿಗೂ ನದಿಗೂ ನಡುವಿನ ತಗ್ಗು, ಅಲ್ಲಿ ಪಾಪ್ಲರ್ ಮರಗಳು ಸಾಲು ಸಾಲು, ಮರಗಳಾಚೆ ಮರಿ ಏರಿ, ಅದರಾಚೆ ನದಿ, ನದಿ ಕಾಣುವುದಿಲ್ಲ, ಎಂದೂ ಕಾಣುವುದಿಲ್ಲ, ಇವತ್ತು ಮಾತ್ರ ಮರಗಳ ಬುಡದಾಚೆ ಏನೋ ಮಿನುಗಿದ ಹಾಗಿದೆ, ಇರಲಿಕ್ಕಿಲ್ಲ, ಇಬ್ಬನಿ ಇರಬೇಕು.

ಹಾಕಿದೆ ಅಂದೆ. ಯಾಕೆ ಹಾಗಂದೆ. ಒಂದೇ ಒಂದು ಮಾತು, ಫೋನು ಕಿವಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕಾಫಿಯ ಪಾತ್ರೆ ಹಿಡಿದು, ಅಣ್ಣ ಕೇಳುವುದಕ್ಕೆ ಮೊದಲೇ ಉತ್ತರ ನಾಲಿಗೆಯ ತುದಿಗೆ ಬಂದು ಕೂತಿತ್ತು. ದೊರಿ, ನೀರು ಬೇಗ ಬರ್ತಾ ಇದೆ, ಮಧ್ಯಾಹ್ನ ಅಂದಿದ್ರು, ಈಗ ಹತ್ತೂವರೆ ಅಂತಾರೆ, ಗೊಲೇನಾದ ಕೆಳದಾರಿಗೆ ಸರಪಳಿ ಹಾಕಿದೀಯ ತಾನೇ. ಹಾಕಿದೆ. ಬೀಗ. ಹೂಂ, ಬೀಗಾನೂ. ಸರಿ, ಹಾಗಾದ್ರೆ ಆ ಕಡೆ ಯಾರನ್ನೂ ಕಳಿಸಲ್ಲ, ಜನ ಸಾಲ್ತಾ ಇಲ್ಲ. ಅಷ್ಟೇ, ಲೋರಿಸ್ ಫೋನು ಇಟ್ಟ, ನಾನು ಗೋಡೆಯ ಗಡಿಯಾರ ನೋಡಿದೆ, ಒಂಬತ್ತೂ ಇಪ್ಪತ್ತು, ಬೀಗದ ಕೈ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು, ನಿನ್ನೆ ಎಲ್ಲಿ ನೇತಾಡುತ್ತಿತ್ತೋ ಅಲ್ಲೇ. ಅರವತ್ತನಾಲ್ಕು ವರ್ಷದ ಅಣ್ಣ, ಐವತ್ತೊಂಬತ್ತರ ತಂಗಿ, ಚಿಕ್ಕಂದಿನಲ್ಲಿ ಹಾಲು ಚೆಲ್ಲಿ ಬೆಕ್ಕಿನ ಮೇಲೆ ಹಾಕಿದ ಹಾಗೆ, ಅವನು ಗದರಿಸುತ್ತಾನೆ ಅಂತ ಸುಳ್ಳು ಹೇಳಿದೆನೆ, ಅಲ್ಲ, ಅವನು ಗದರಿಸುವುದಿಲ್ಲ, ಅವನು ನಗುತ್ತಾನೆ, ಆ ನಗುವಿಗೇ ನನಗೆ ಮೈ ಉರಿಯುವುದು. ಏರಿ ಕಾಯುವವರಿಗೆ ಅವನೇ ಮುಂದಾಳು, ಪ್ರತಿ ಶರತ್ಕಾಲ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು ನೀರಿನ ಅಳತೆಗಂಬದ ಹತ್ತಿರ ನಿಂತು ದೇಶದ ಗಡಿ ಕಾಯುವವನ ಹಾಗೆ ಆಡುತ್ತಾನೆ, ಹೋದ ವರ್ಷ ಎರಡು ಸಲ ದಾರಿ ಮುಚ್ಚಿಸಿದ, ಅದರ ಹಿಂದಿನ ವರ್ಷ ಮೂರು ಸಲ, ಐದು ಸಲವೂ ನೀರು ಮರಿ ಏರಿಯ ಪಾದ ನೆಕ್ಕಿ ಹೊರಟುಹೋಯಿತು, ನನ್ನ ಮನೆಯಲ್ಲಿ ಬಾಡಿಗೆಗೆ ಉಳಿಯಬೇಕಾದ ಸೈಕಲ್ಲಿನವರು ಮಾತ್ರ ಬೇರೆ ಊರಿಗೆ ಹೋದರು. ನಿನ್ನೆ ಸಂಜೆಗೆ ಮುಂಚೆ ಬಂದ, ಬೂಟಿನ ಕೆಸರು ಒರೆಸದೆ ಅಡುಗೆಮನೆಗೆ ಬಂದು ನಿಂತ, ಕೆಳದಾರಿಗೆ ಇವತ್ತೇ ಸರಪಳಿ ಹಾಕಿಬಿಡು, ಪಕ್ಕದೂರು ಫೊಸ್ಸಾಮೋರಾದವರು ಅವರ ತುದೀಲಿ ಆಗಲೇ ಹಾಕಿದಾರೆ, ಈ ತುದಿ ನಿಂದು. ಗೊತ್ತು ನಂದು ಅಂತ, ಅಂದೆ. ಮೇಜಿನ ಮೇಲಿದ್ದ ನನ್ನ ಕಾಗದ ಎತ್ತಿಕೊಂಡು ಓದಿದ, ನಾನೇ ಬರೆದು ಪಂಚಾಯಿತಿಯವರು ಅಚ್ಚು ಹಾಕಿಸಿದ ಕಾಗದ, ಹಿಂದೆ ಅಂಚೆ ಹಂಚುತ್ತಿದ್ದ ದೊರಿಯಾನಾ ತೋರಿಸುವ ಸದ್ದಿಲ್ಲದ ದಾರಿಗಳು, ಏರಿಳಿತವಿಲ್ಲ ಕಾರಿಲ್ಲ, ಓದಿ ಅದೇ ನಗು. ಸದ್ದಿಲ್ಲದ ದಾರಿ ಅಂತೆ, ನೋಡೇ ದೊರಿ, ನಮ್ಮಲ್ಲಿ ಸದ್ದಿಲ್ಲದೆ ಬರೋದು ಒಂದೇ ಒಂದು, ಅದು ನಿನ್ನ ಮನೇಲಿ ರೂಮು ಕೇಳಲ್ಲ. ಅವನು ಹೋದ ಮೇಲೆ ಕೈ ತೊಳೆದೆ, ಹಿಟ್ಟು ನಾದಿದೆ, ಹಾಕಿದರಾಯಿತು ಅಂದುಕೊಂಡೆ, ಊಟಕ್ಕೆ ಮುಂಚೆ ಹಾಕಿದರಾಯಿತು, ಊಟವಾದ ಮೇಲೆ, ಬೆಳಿಗ್ಗೆ.

ಯಾಕೆಂದರೆ ತಾರ್ಚೀಸಿಯೊ ಇದ್ದರು. ನಾಲ್ಕು ವರ್ಷದಿಂದ ಪ್ರತಿ ನವೆಂಬರಿಗೆ ಬರುವವರು, ಬೆರ್ಗಮೊ ಮೇಲಿನ ಕಣಿವೆಯವರು, ಎಪ್ಪತ್ತೊಂದು ವರ್ಷ, ಮೂವತ್ತೆಂಟು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗಗಳ ನಡುವೆ ನಿಂತು ಕಿವಿ ಕಳಕೊಂಡವರು, ಎರಡೂ ಕಿವಿಗೆ ಯಂತ್ರ. ನಮ್ಮೂರಲ್ಲಿ ಬಾಗಿಲು ತೆಗೆದ್ರೆ ಬೆಟ್ಟ, ಸಿನ್ಯೋರಾ, ಕಿಟಕಿ ತೆಗೆದ್ರೆ ಬೆಟ್ಟ, ಮನುಷ್ಯನಿಗೆ ದೂರಕ್ಕೆ ನೋಡೋಕೆ ಜಾಗಾನೇ ಇಲ್ಲ, ಅದಕ್ಕೆ ನಿಮ್ಮ ಬಯಲಿಗೆ ಬರ್ತೀನಿ. ಸೈಕಲ್ಲು ಹತ್ತುವ ಮೊದಲು ಕಿವಿಯ ಯಂತ್ರ ಎರಡನ್ನೂ ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಳ್ಳುತ್ತಾರೆ, ಗಾಳಿ ಅದರೊಳಗೆ ನಾಯಿಯ ಹಾಗೆ ಊಳಿಡುತ್ತದಂತೆ, ಬಿಚ್ಚಿಟ್ಟ ಮೇಲೆ ಸ್ವರ್ಗ ಅಂತಾರೆ. ನಿನ್ನೆ ರಾತ್ರಿಯೂಟಕ್ಕೆ ತೋರ್ತೆಲ್ಲಿ, ಕುಂಬಳ ತುಂಬಿದ ಹಿಟ್ಟಿನ ಕಡುಬು, ಮಾಡಿದ್ದೆ, ಎರಡು ತಟ್ಟೆ ಉಂಡರು, ಲಂಬ್ರೂಸ್ಕೊ ವೈನು ಒಂದು ಲೋಟ, ಆಮೇಲೆ ತಟ್ಟೆಯಂಚನ್ನು ಬೆರಳಿನಿಂದ ಸವರುತ್ತ, ಸಂಕೋಚದಿಂದ, ನಾಳೆ ಮಧ್ಯಾಹ್ನದ ರೈಲಿಗೆ ಹೊರಡಬೇಕು, ಅದಕ್ಕೆ ಮುಂಚೆ ಒಂದೇ ಒಂದ್ಸಲ ಕೆಳದಾರಿಗೆ ಹೋಗಿಬರ್ಲಾ, ಹಳೇ ದೋಣಿಕಟ್ಟೆವರೆಗೆ ಅಷ್ಟೇ, ಮುಂದಿನ ವರ್ಷ ನಾನು ಬರ್ತೀನೋ ಇಲ್ವೋ. ನೀರು ಬರುತ್ತಂತೆ, ಅಂದೆ, ದೊಡ್ಡ ದನಿಯಲ್ಲಿ ಎರಡು ಸಲ ಅಂದೆ. ಎಷ್ಟು ಹೊತ್ತಿಗೆ. ಮಧ್ಯಾಹ್ನ. ಹಾಗಾದ್ರೆ ಏಳೂವರೆಗೆ ಹೋಗಿ ಒಂಬತ್ತಕ್ಕೆ ಬಂದುಬಿಡ್ತೀನಿ. ನಾನು ಹೂಂ ಅಂದೆ. ಅವರ ಮುಖ ನೋಡಿ ಹೂಂ ಅಂದೆ, ಲೋರಿಸ್‌ನ ನಗು ನೆನೆದು ಹೂಂ ಅಂದೆ, ಎರಡೂ ನಿಜ, ಯಾವುದು ಹೆಚ್ಚು ನಿಜ ಅಂತ ಈಗ ಕೇಳಬೇಡಿ. ಬೆಳಿಗ್ಗೆ ಮಂಜಿನಲ್ಲಿ ಹೊರಟರು, ಹಸಿರು ಸ್ವೆಟರು, ತಲೆಗೆ ಉಣ್ಣೆಯ ಟೊಪ್ಪಿ, ಹತ್ತು ಗಜ ಹೋಗುವುದರೊಳಗೆ ಮಂಜು ಮುಚ್ಚಿತು, ಸೈಕಲ್ಲಿನ ಚೈನಿನ ಕಿರಿಕಿರಿ ಮಾತ್ರ ಸ್ವಲ್ಪ ಹೊತ್ತು ಕೇಳಿಸಿತು, ಅವರಿಗೆ ಕೇಳಿಸದ ಕಿರಿಕಿರಿ, ಸಂಜೆ ಎಣ್ಣೆ ಬಿಡಬೇಕು ಅಂದುಕೊಂಡೆ. ಒಂಬತ್ತಾಯಿತು. ಒಂಬತ್ತೂ ಕಾಲಾಯಿತು. ಅವರ ಫೋನಿಗೆ ಮಾಡಿದರೆ ಮಹಡಿಯ ಮೇಲೆ ಅವರ ರೂಮಿನಲ್ಲಿ, ಹಾಸಿಗೆ ಪಕ್ಕದ ಮೇಜಿನ ಮೇಲೆ, ಅದು ತನ್ನಷ್ಟಕ್ಕೆ ತಾನು ಗುಂಯ್‌ಗುಡುತ್ತಿತ್ತು. ಆಗ ಲೋರಿಸ್ ಫೋನು ಮಾಡಿದ್ದು, ಆಗ ನಾನು ಹಾಕಿದೆ ಅಂದದ್ದು. ಈಗಲೂ ಫೋನು ಜೇಬಿನಲ್ಲಿದೆ, ತೊಡೆಗೆ ತಗುಲುತ್ತಿದೆ, ತೆಗೆದು ಒಂದು ಮಾತು ಹೇಳಿದರೆ ಸಾಕು, ಆದರೆ ಮೊದಲು ನೋಡುತ್ತೇನೆ, ಅವರು ಎದುರಿಗೇ ಸಿಗಬಹುದು, ಆ ತಿರುವಿನಲ್ಲಿ, ಟೊಪ್ಪಿ ಎತ್ತಿ ನಕ್ಕು, ಸಿಕ್ಕಿದರೆ ಸರಪಳಿ ಹಾಕಿ ಬೀಗ ಜಡಿದು ಇಬ್ಬರೂ ಮನೆಗೆ ಹೋಗುತ್ತೇವೆ, ನನ್ನ ಮಾತು ಆಗ ನಿಜವಾಗುತ್ತದೆ, ಅರ್ಧ ಗಂಟೆ ತಡವಾಗಿ ನಿಜವಾಗುತ್ತದೆ ಅಷ್ಟೆ, ಯಾರಿಗೂ ಏನೂ ಆಗುವುದಿಲ್ಲ. ತಿರುವಿನಲ್ಲಿ ಯಾರೂ ಇಲ್ಲ. ಕಾಡುಕೋಳಿಯೊಂದು, ಗಂಡು, ಬಾಲ ನೀಳ, ಏರಿಯ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಿದೆ.

ಇದೇ ಇಳಿಜಾರು, ಕೆಳದಾರಿಯ ಬಾಯಿ, ಎರಡು ಕಲ್ಲುಕಂಬ, ಸರಪಳಿ ಎಡಗಡೆಯ ಕಂಬದ ಬುಡದಲ್ಲಿ ಸುರುಳಿ ಸುತ್ತಿ ಬಿದ್ದಿದೆ, ಸೈಕಲ್ಲು ನಿಲ್ಲಿಸಿ ಇಳಿದೆ, ಇಳಿಜಾರಿನ ಕೊನೆಯಲ್ಲಿ ಡಾಂಬರು ಮುಗಿದು ಮೆಕ್ಕಲು ಮಣ್ಣು, ಮಂಜಿನ ತೇವಕ್ಕೆ ಬೆಣ್ಣೆಯ ಹಾಗೆ ಮೆತ್ತಗಾಗಿದೆ, ಅದರ ಮೇಲೆ ಟೈರಿನ ಗುರುತು, ಒಂದೇ ಗೆರೆ, ಸಣ್ಣ ಟೈರು, ಮೀನುಮುಳ್ಳಿನ ಹಾಗೆ ಅಚ್ಚು, ಒಳಗೆ ಹೋಗಿದೆ. ಹೊರಗೆ ಬಂದ ಗೆರೆಯಿಲ್ಲ. ಬಗ್ಗಿ ನೋಡಿದೆ, ಈ ಬದಿ, ಆ ಬದಿ, ಹುಲ್ಲಿನ ಮೇಲೆ ಬಂದಿರಬಹುದು ಅಂತ ಹುಲ್ಲನ್ನೂ ನೋಡಿದೆ, ಹುಲ್ಲು ನೆಟ್ಟಗೆ ನಿಂತಿದೆ, ಇಬ್ಬನಿ ಕೂಡ ಉದುರಿಲ್ಲ. ಆ ತುದಿಯಲ್ಲಿ ಫೊಸ್ಸಾಮೋರಾದವರು ಸರಪಳಿ ಹಾಕಿದ್ದಾರೆ, ಅವರು ಹೇಳಿದ್ದನ್ನು ಹೇಳಿದ ದಿನವೇ ಮಾಡುವ ಜನ, ಅಲ್ಲಿಂದ ಹೊರಗೆ ಬರುವ ಹಾಗಿಲ್ಲ, ಇವರಂತೂ ಎಂದೂ ಆ ತುದಿಗೆ ಹೋದವರಲ್ಲ, ದೋಣಿಕಟ್ಟೆಯಲ್ಲಿ ಕೂತು ಒಂದು ಸೇಬು ತಿಂದು ತಿರುಗುತ್ತಾರೆ. ತಾರ್ಚೀಸಿಯೊ, ಅಂತ ಕೂಗಿದೆ. ಕೂಗಿ ಬಾಯಿ ಮುಚ್ಚಿಕೊಂಡೆ, ಯಾರನ್ನು ಕೂಗುತ್ತೀಯ, ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿಟ್ಟ ಕಿವಿಯನ್ನೇ. ಆದರೂ ಇನ್ನೊಮ್ಮೆ ಕೂಗಿದೆ, ಸಾಲುಗಳ ನಡುವೆ ನನ್ನ ದನಿ ಹೋಗಿ ಎಲ್ಲೂ ತಗುಲದೆ ಮಾಯವಾಯಿತು. ಗೆರೆಯ ಪಕ್ಕದಲ್ಲೇ ನಡೆದೆ, ಐವತ್ತು ಹೆಜ್ಜೆ, ನೂರು, ಪಾಪ್ಲರ್ ಎಲೆಗಳು ಉದುರಿ ಹಳದಿ ಹಾಸಿಗೆಯಾಗಿವೆ, ಹೆಜ್ಜೆಯ ಸದ್ದನ್ನೂ ನುಂಗುತ್ತವೆ, ಆಗ ಎಲೆಗಳು ಕದಲುತ್ತಿರುವುದು ಕಂಡಿತು, ಗಾಳಿಯಿಲ್ಲದೆ, ಒಂದಿಷ್ಟು ಎಲೆ ಒಟ್ಟಾಗಿ, ಮೆಲ್ಲಗೆ, ದಾರಿಯನ್ನು ಅಡ್ಡ ದಾಟುತ್ತಿದ್ದವು. ಎಲೆಗಳ ಕೆಳಗೆ ನೀರು. ನದಿಯ ಕಡೆಯಿಂದಲ್ಲ, ನನ್ನ ಎಡಗಡೆಯ ಹಳೆಯ ಕಾಲುವೆಯಿಂದ, ಮುಂದಿನಿಂದ ಬರುತ್ತದೆ ಅಂತ ಕಾಯುತ್ತ ನಿಂತವರ ಬೆನ್ನ ಹಿಂದಿನಿಂದ, ಒಂದು ಬೆರಳು ಆಳ, ಕಪ್ಪು, ಒಂದು ಗುಳುಗುಳು ಸದ್ದೂ ಇಲ್ಲದೆ, ಟೈರಿನ ಗೆರೆಯೊಳಕ್ಕೆ ಇಳಿದು ಅದರ ಉದ್ದಕ್ಕೇ ಓಡಿತು, ಮೀನುಮುಳ್ಳು ಮುಳ್ಳಾಗಿಯೇ ತುಂಬಿಕೊಂಡು, ಆಮೇಲೆ ಗೆರೆಯೂ ಇಲ್ಲ. ಬೂಟಿನೊಳಗೆ ತಣ್ಣಗಾಯಿತು. ಓಡಿದೆ, ಮೇಲಕ್ಕೆ, ಕಂಬ ಹಿಡಿದು ನಿಂತೆ, ಫೋನು ತೆಗೆದೆ, ಬೆರಳು ಒದ್ದೆ, ಗಾಜಿನ ಮೇಲೆ ಹೆಸರು ಬರುವುದಿಲ್ಲ, ಒರೆಸಿದೆ, ಬಂತು, ಲೋರಿಸ್.

ಸರಪಳಿ ಹಾಕಿಲ್ಲ, ಅಂದೆ. ಅವನು ಏನು ಅಂದ. ಹಾಕಿಲ್ಲ ಕಣೋ, ನಿನ್ನೆಯಿಂದ ಹಾಕೇ ಇಲ್ಲ, ಒಬ್ಬರು ಒಳಗಿದಾರೆ. ಆ ಕಡೆ ಯಾರೋ ದೂರದಲ್ಲಿ ಮರಳಿನ ಚೀಲಗಳ ಲೆಕ್ಕ ಕೂಗುತ್ತಿದ್ದಾರೆ, ಬೈಯಲಿ ಅಂತ ಕಾದೆ, ಬೈದರೆ ಹಗುರಾಗುತ್ತಿತ್ತು. ಯಾರು, ಅಂದ. ತಾರ್ಚೀಸಿಯೊ, ಬೆರ್ಗಮೊದವರು. ಕಿವುಡ. ಹೂಂ. ಎಷ್ಟು ಹೊತ್ತಿಗೆ ಹೋದ್ರು. ಏಳೂವರೆ. ಬಟ್ಟೆ ಏನು. ಹಸಿರು ಸ್ವೆಟರು. ನೀನು ಎಲ್ಲಿದೀಯ. ಕಂಬದ ಹತ್ತಿರ. ಇಳಿದ್ಯಾ. ಸ್ವಲ್ಪ ಇಳಿದೆ, ಕಾಲುವೆ ಕಡೆಯಿಂದ ನೀರು ದಾರಿ ದಾಟ್ತಾ ಇದೆ. ಇನ್ನು ಇಳೀಬೇಡ, ಮೇಲೇ ಇರು, ನಾನು ಬರ್ತೀನಿ. ಅಗ್ನಿಶಾಮಕದವರ ದೋಣಿ ಕರೀಬಹುದಲ್ಲ, ಅಂದೆ. ಅದು ಕೆಳಗಿನೂರಲ್ಲಿದೆ, ಬರೋಕೆ ಒಂದು ಗಂಟೆ, ಹೇಳಿದೀನಿ ಅಂತ ತಿಳ್ಕೋ, ಆದರೆ ಒಂದು ಗಂಟೆ ನಮ್ಮ ಹತ್ರ ಇಲ್ಲ. ಫೋನು ಇಟ್ಟ. ನಾನು ಆಗ ಸರಪಳಿ ಎತ್ತಿ ಆಚೆ ಕಂಬಕ್ಕೆ ಎಳೆಯತೊಡಗಿದೆ, ಯಾಕೆ ಅಂತ ಗೊತ್ತಿಲ್ಲ, ಕೈ ತನ್ನಷ್ಟಕ್ಕೆ ತಾನು ಆ ಕೆಲಸ ಮಾಡುತ್ತಿತ್ತು, ಕೊಂಡಿಗಳು ತಣ್ಣಗೆ, ಭಾರ, ಅರ್ಧಕ್ಕೆ ಎಳೆದವಳು ನಿಂತೆ, ಅವನು ಒಳಗೆ ಹೋಗಬೇಕಲ್ಲ, ಮತ್ತೆ ಕೆಳಗೆ ಹಾಕಿದೆ. ಟ್ರ್ಯಾಕ್ಟರಿನ ಸದ್ದು ಬಂತು, ಹಳೆಯ ನೀಲಿ ಟ್ರ್ಯಾಕ್ಟರು, ಮರಳು ಸಾಗಿಸುತ್ತಿದ್ದ ಬಂಡಿಯನ್ನು ಎಲ್ಲೋ ಕಳಚಿ ಬಂದಿದ್ದಾನೆ, ಕಿತ್ತಳೆ ಜಾಕೆಟ್ಟು, ಬೋಳು ತಲೆ, ಟೊಪ್ಪಿಯನ್ನೂ ಮರೆತಿದ್ದಾನೆ. ಕಂಬಗಳ ಹತ್ತಿರ ನಿಧಾನಿಸಿದ, ಇಂಜಿನು ಗುಡುಗುಡಿಸುತ್ತಿತ್ತು, ನೆಲದ ಮೇಲಿನ ಸರಪಳಿ ನೋಡಿದ, ನನ್ನನ್ನು ನೋಡಿದ, ನಗಲಿಲ್ಲ. ಹಾಕಿದೆ ಅಂದ್ಯಲ್ಲೇ, ದೊರಿ. ಅಷ್ಟೇ ಅಂದ, ಸಿಟ್ಟಿನಿಂದಲ್ಲ, ಮಾರುಕಟ್ಟೆಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟವರನ್ನು ಕೇಳುವ ಹಾಗೆ, ಸ್ವಲ್ಪ ಆಶ್ಚರ್ಯದಿಂದ. ನಾನೂ ಬರ್ತೀನಿ, ಹಿಂದೆ ನಿಂತ್ಕೋತೀನಿ, ಅಂದೆ. ಬೇಡ, ನೀನು ಏರಿ ಮೇಲೆ ನನ್ನ ಸಮಕ್ಕೆ ಬಾ, ಮೇಲಿಂದ ಹಸಿರು ಕಂಡ್ರೆ ಕೈ ಬೀಸು. ಗೇರು ಹಾಕಿದ. ದೊಡ್ಡ ಚಕ್ರಗಳು ಮೆಕ್ಕಲಿಗೆ ಇಳಿದವು, ನೀರಿಗೆ ಇಳಿದವು, ಎಲೆಗಳನ್ನು ಎರಡು ಬದಿಗೆ ತಳ್ಳಿಕೊಂಡು ಹೋದವು, ಅವನ ಬೆನ್ನು ಮರಗಳ ಹಿಂದಾಯಿತು.

ಸೈಕಲ್ಲು ಹತ್ತಿದೆ, ಏರಿಯ ಮೇಲೆ ಅವನ ಸಮಕ್ಕೆ, ಅವನು ಕೆಳಗೆ ಇನ್ನೂರು ಗಜ ಒಳಗೆ, ನಾನು ಮೇಲೆ, ನಡುವೆ ಪಾಪ್ಲರ್ ಸಾಲುಗಳು ಏರಿಯಿಂದ ನದಿಯವರೆಗೆ ಗೆರೆ ಎಳೆದ ಹಾಗೆ, ಎರಡು ಸಾಲುಗಳ ನಡುವಿನ ಸಂದಿನಲ್ಲಿ ನೇರ ನೋಡಿದರೆ ಆಚೆ ತುದಿಯವರೆಗೂ ಕಾಣುತ್ತದೆ, ಓರೆಗೆ ನೋಡಿದರೆ ಬರೀ ಕಾಂಡಗಳ ಗೋಡೆ, ಮರ, ಸಂದು, ಸಂದಿನಲ್ಲಿ ಕಿತ್ತಳೆ ಬಣ್ಣ ಕಣ್ಣು ಮಿಟುಕಿಸುವಷ್ಟು ಹೊತ್ತು, ಮರ, ಸಂದು, ಕಿತ್ತಳೆ, ಮರ. ಈ ಮರಗಳನ್ನು ನೆಟ್ಟವನೇ ಅವನು. ಹನ್ನೆರಡು ವರ್ಷ ಆಯಿತು, ಮಾರ್ಚಿ ತಿಂಗಳು, ಅಂಚೆ ಹಂಚಿ ಮುಗಿಸಿ ಬಂದು ನಾನು ಹಗ್ಗದ ಒಂದು ತುದಿ ಹಿಡಿದಿದ್ದೆ, ಅವನು ಇನ್ನೊಂದು ತುದಿ, ಆರಾರು ಮೀಟರಿಗೆ ಒಂದು ಗಂಟು, ಎಳಿ ದೊರಿ, ಇನ್ನೂ ಎಳಿ, ಸಡಿಲ ಬಿಟ್ರೆ ಸಾಲು ಕುಡುಕನ ಹಾಗೆ ಹೋಗುತ್ತೆ, ಜನ ನನ್ನನ್ನ ನೋಡಿ ನಗ್ತಾರೆ, ನನ್ನ ಅಂಗೈ ಹಗ್ಗಕ್ಕೆ ಸುಲಿದುಹೋಗಿತ್ತು, ಅವನು ಅದರ ಮೇಲೆ ವೈನು ಸುರಿದು ಊದಿದ್ದ, ಈ ಚಳಿಗಾಲ ಕಡಿಯಬೇಕಿತ್ತು, ಮರ ಬಲಿತಿದೆ, ಹಲಗೆಯ ಕಾರ್ಖಾನೆಯವರು ಬಂದು ನೋಡಿಹೋಗಿದ್ದಾರೆ. ಮರ, ಸಂದು, ಕಿತ್ತಳೆ. ಅವನು ಎದ್ದುನಿಂತು ಓಡಿಸುತ್ತಿದ್ದಾನೆ, ಎಡಕ್ಕೆ ಬಲಕ್ಕೆ ನೋಡುತ್ತಿದ್ದಾನೆ, ನೀರು ಚಕ್ರದ ಕಾಲುಭಾಗಕ್ಕೆ ಬಂದಿದೆ, ಕಾಲುಭಾಗ ಏನೂ ಅಲ್ಲ, ಟ್ರ್ಯಾಕ್ಟರಿಗೆ ಅರ್ಧ ಚಕ್ರದ ನೀರೂ ಲೆಕ್ಕವಿಲ್ಲ, ಅವನೇ ಹೇಳುತ್ತಿದ್ದ. ಹಸಿರು ಎಲ್ಲೂ ಇಲ್ಲ, ಕಣ್ಣು ಉರಿಯುವಷ್ಟು ನೋಡುತ್ತಿದ್ದೇನೆ, ಪಾಚಿ ಹಸಿರು, ಹುಲ್ಲು ಹಸಿರು, ಸ್ವೆಟರಿನ ಹಸಿರು ಇಲ್ಲ. ದೋಣಿಕಟ್ಟೆ ಬಂತು, ಕಟ್ಟೆಯ ಮೇಲೆ ನೀರು, ಅಲ್ಲಿ ಯಾರೂ ಇಲ್ಲ, ಅವನು ನಿಲ್ಲಿಸಿ ನನ್ನ ಕಡೆ ಎರಡು ಕೈ ಅಗಲಿಸಿ ತೋರಿಸಿದ, ಇಲ್ಲ, ನಾನೂ ಕೈ ಅಗಲಿಸಿದೆ, ಇಲ್ಲ, ಸಾಕು ಬಾ ಅಂತ ಕೂಗಿದೆ, ಇಂಜಿನ್ನಿನ ಸದ್ದಿಗೆ ಅವನೂ ಕಿವುಡ, ಮುಂದಕ್ಕೆ ಬಿಟ್ಟ, ಫೊಸ್ಸಾಮೋರಾ ಕಡೆಗೆ, ಆ ಮನುಷ್ಯ ಮುಂದೆ ಎಲ್ಲೋ ಮರ ಹತ್ತಿ ಕೂತಿರಬಹುದು ಅಂದುಕೊಂಡಿರಬೇಕು. ಮರ, ಸಂದು, ಕಿತ್ತಳೆ, ಮರ, ಸಂದು, ಕಿತ್ತಳೆ. ಆಮೇಲೆ ಆ ಸದ್ದು. ದೊಡ್ಡ ಸದ್ದಲ್ಲ, ಹಳೆಯ ರಗ್ಗನ್ನು ಇಬ್ಬರು ಹಿಡಿದು ಹರಿದ ಹಾಗೆ, ಮರಗಳಾಚೆ, ಮರಿ ಏರಿ ಒಡೆದಿರಬೇಕು, ಅದರ ಹಿಂದೆಯೇ ಕಾಗೆಗಳೆಲ್ಲ ಒಮ್ಮೆಗೇ ಎದ್ದವು, ಸಂದುಗಳ ಆಚೆ ತುದಿಯಲ್ಲಿ ಬೆಳಕು ಕದಲಿತು, ಕಂದು ಬಣ್ಣದ್ದೇನೋ ಒಂದು ಗೋಡೆ, ಎತ್ತರವಿಲ್ಲ, ಸೊಂಟದಷ್ಟು, ಪ್ರತಿ ಸಂದಿನಲ್ಲೂ ಒಂದೇ ವೇಗದಲ್ಲಿ ನನ್ನ ಕಡೆಗೆ ಬರುತ್ತಿದೆ, ಎಲ್ಲ ಸಂದುಗಳಲ್ಲೂ ಒಟ್ಟಿಗೆ. ಇಂಜಿನು ಒಂದು ಸಲ ಕೆಮ್ಮಿತು. ನಿಂತಿತು. ಮರ, ಸಂದು. ಸಂದು ಖಾಲಿ. ನಾನು ಮುಂದೆ ಬಂದುಬಿಟ್ಟಿದ್ದೇನೆ, ಹಿಂದಕ್ಕೆ, ಸೈಕಲ್ಲು ತಿರುಗಿಸು, ಹಿಂದಿನ ಸಂದು, ನೀಲಿ ಟ್ರ್ಯಾಕ್ಟರು ಓರೆಯಾಗಿ ಕಾಲುವೆಗೆ ಮೂತಿ ಹಾಕಿದೆ, ಸೀಟಿನ ಮೇಲೆ ನೀರು ಹರಿಯುತ್ತಿದೆ, ಸೀಟಿನ ಮೇಲೆ ನೀರು ಮಾತ್ರ. ಮರ ಹಿಡಿದಿರುತ್ತಾನೆ. ಅವನಿಗೆ ಈಜು ಬರುವುದಿಲ್ಲ, ನದಿಯ ಪಕ್ಕದ ಜನ ನಾವು ಯಾರೂ ಈಜು ಕಲಿತವರಲ್ಲ, ಆದರೆ ಮರ ಹಿಡಿದಿರುತ್ತಾನೆ, ಅವನೇ ನೆಟ್ಟ ಮರ, ಆರು ಮೀಟರಿಗೆ ಒಂದಿದೆ, ಯಾವ ಕಡೆ ಕೈಚಾಚಿದರೂ ಸಿಗುತ್ತದೆ, ಮುಂದಿನ ಸಂದಿನಲ್ಲಿ ಇರುತ್ತಾನೆ.

ಯಾರೋ ಭುಜ ಮುಟ್ಟಿದರು. ಹಸಿರು. ತಾರ್ಚೀಸಿಯೊ, ಸೈಕಲ್ಲು ಹಿಡಿದು ನಿಂತಿದ್ದಾರೆ, ಏರಿಯ ಮೇಲೆ, ಫೊಸ್ಸಾಮೋರಾ ಕಡೆಯಿಂದ ಬಂದವರು, ಮುಖ ಕೆಂಪಾಗಿದೆ, ಮೊಣಕೈವರೆಗೂ ಮರಳು. ಸಿನ್ಯೋರಾ ದೊರಿಯಾನಾ, ಕ್ಷಮಿಸಿ, ನಿಮಗೆ ಗಾಬರಿ ಆಗಿರ್ಬೇಕು, ದೋಣಿಕಟ್ಟೆಯಿಂದ ತಿರುಗೋಣ ಅಂದ್ರೆ ಹಿಂದೆ ದಾರಿ ಮೇಲೆ ನೀರು ಕಂಡಿತು, ಅದಕ್ಕೆ ಮುಂದಕ್ಕೇ ಹೋದೆ, ಆ ತುದೀಲಿ ಸರಪಳಿ ಇತ್ತು, ಸೈಕಲ್ಲು ಎತ್ತಿ ಆಚೆ ಹಾಕಿದೆ, ಚೌಕದಲ್ಲಿ ಜನ ಮರಳಿನ ಮೂಟೆ ತುಂಬಿಸ್ತಾ ಇದ್ರು, ನೋಡ್ಕೊಂಡು ಬರೋಕಾಗಲಿಲ್ಲ, ನಾನೂ ಒಂದು ಗಂಟೆ ತುಂಬಿಸಿದೆ. ದೊಡ್ಡ ದನಿಯಲ್ಲಿ ಹೇಳುತ್ತಿದ್ದಾರೆ, ಕಿವುಡರ ದನಿಯಲ್ಲಿ, ಖುಷಿಯಾಗಿದ್ದಾರೆ, ಜೇಬಿನಿಂದ ಕಾಗದದಲ್ಲಿ ಸುತ್ತಿದ ಬ್ರೆಡ್ಡು ತೆಗೆದು ನನ್ನ ಕಡೆ ಹಿಡಿದಿದ್ದಾರೆ, ಅಲ್ಲಿನ ಜನ ಕೊಟ್ಟದ್ದಂತೆ, ಒಳಗೆ ಹಂದಿಮಾಂಸವಿದೆಯಂತೆ, ಬಿಸಿಯಿದೆಯಂತೆ. ನಾನು ಅವರನ್ನು ನೋಡುತ್ತೇನೆ, ಆಮೇಲೆ ಸಂದನ್ನು. ಯಾರಿಗೆ ಕಾಯ್ತಾ ಇದೀರಿ, ಅಂತಾರೆ. ಬಾಯಿ ತೆರೆಯುತ್ತೇನೆ, ನನ್ನಣ್ಣ, ಅಂತ ಹೇಳುತ್ತೇನೆ, ಹೇಳಿದೆನೋ ಇಲ್ಲವೋ, ಅವರು ಹಾಂ ಅಂತ ಕಿವಿ ಮುಂದೆ ಮಾಡುತ್ತಾರೆ, ನೆನಪಾಗಿ ಕರವಸ್ತ್ರ ಬಿಚ್ಚಿ ಕಿವಿಯ ಯಂತ್ರಗಳನ್ನು ಒಂದೊಂದಾಗಿ ಹಾಕಿಕೊಳ್ಳುತ್ತಾರೆ, ಹಾಕಿಕೊಂಡ ಮೇಲೆ ಕೇಳಿಸಿತೇನೋ, ನೀರು ಮರಗಳ ನಡುವೆ ಹರಿಯುವುದು, ಮುಖದ ಖುಷಿ ಹೋಯಿತು. ಇನ್ನೊಮ್ಮೆ ಹೇಳಿ, ಅಂದರು. ನಾನು ಲೋರಿಸ್‌ನ ನಂಬರು ಒತ್ತುತ್ತಿದ್ದೆ, ಅದು ಸ್ವಿಚ್ಚಾಫ್ ಆಗಿದೆ ಅಂತ ಒಬ್ಬಳು ಹೇಳುತ್ತಿದ್ದಳು, ಸಭ್ಯ ದನಿ, ಮತ್ತೆ ಒತ್ತಿದರೆ ಮತ್ತೆ ಅದನ್ನೇ ಹೇಳುತ್ತಾಳೆ. ದೋಣಿ ಬಂದದ್ದು ಹನ್ನೊಂದೂ ಇಪ್ಪತ್ತಕ್ಕೆ, ಅಷ್ಟು ಹೊತ್ತಿಗೆ ಏರಿಯ ಮೇಲೆ ಜನ ಸೇರಿದ್ದರು, ಯಾರೋ ನನ್ನ ಮೈಗೆ ಕೋಟು ಹೊದಿಸಿದರು, ತಾರ್ಚೀಸಿಯೊ ನೆಲದ ಮೇಲೆ ಕೂತು ಮರಳಿನ ಕೈಗಳಲ್ಲಿ ಮುಖ ಮುಚ್ಚಿಕೊಂಡಿದ್ದರು, ಯಾರು ಅವರಿಗೆ ಹೇಳಿದರೋ, ನಾನಲ್ಲ. ಕೆಂಪು ರಬ್ಬರು ದೋಣಿ, ಅದರಲ್ಲಿ ನಾಲ್ವರು, ಸಾಲುಗಳೊಳಗೆ ಹೋಯಿತು, ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು, ಇನ್ನೊಂದು ಸುತ್ತು, ಆಮೇಲೆ ಆಚೆ ಸಾಲುಗಳಲ್ಲಿ ಮರೆಯಾಯಿತು, ತುಂಬ ಹೊತ್ತು ಮೋಟಾರಿನ ಸದ್ದು ಒಂದೇ ಕಡೆ ನಿಂತಿತ್ತು, ಈಗ ವಾಪಸು ಬರುತ್ತಿದೆ, ನಿಧಾನವಾಗಿ, ಅಲೆಯೆಬ್ಬಿಸದೆ, ನಾಲ್ವರಲ್ಲಿ ಮೂವರು ನಿಂತಿದ್ದಾರೆ, ಒಬ್ಬ ಮಂಡಿಯೂರಿದ್ದಾನೆ, ದೋಣಿಯ ತಳದಲ್ಲಿ ಟಾರ್ಪಾಲು ಹಾಸಿದೆ, ಹಾಸಿದ್ದಲ್ಲ, ಮುಚ್ಚಿದ್ದು, ಅದರ ಒಂದು ಅಂಚು ಗಾಳಿಗೆ ಎದ್ದಿತು, ನಿಂತವರಲ್ಲೊಬ್ಬ ಬೂಟಿನಿಂದ ಒತ್ತಿ ಹಿಡಿದ, ಅಷ್ಟರೊಳಗೆ ಕಂಡ ಬಣ್ಣ — ಇಲ್ಲ. ನಾನು ದೋಣಿಯ ಕಡೆ ನೋಡುವುದಿಲ್ಲ. ಜನ ಟೊಪ್ಪಿ ತೆಗೆಯುತ್ತಿದ್ದಾರೆ, ತೆಗೆಯಲಿ. ನಾನು ಸಾಲುಗಳನ್ನು ನೋಡುತ್ತೇನೆ, ಅವನು ಹಗ್ಗ ಹಿಡಿದು ನೆಟ್ಟ ಸಾಲುಗಳು, ಒಂದೂ ಓರೆಯಾಗಿಲ್ಲ, ನೀರಿನಲ್ಲೂ ನೆಟ್ಟಗೆ ನಿಂತಿವೆ, ಎಡದಿಂದ ಶುರು ಮಾಡುತ್ತೇನೆ, ಮರ, ಸಂದು, ಇದರಲ್ಲಿಲ್ಲ, ಮರ, ಸಂದು, ಇದರಲ್ಲಿಲ್ಲ, ಮುಂದಿನದರಲ್ಲಿ, ಮರ, ಸಂದು, ಕಿತ್ತಳೆ, ಇಲ್ಲ, ಎಲೆ, ಮರ, ಸಂದು, ಮರ, ಸಂದು, ಮರ